ಒಂದು ಸುತ್ತು ಮುಂಚೆ

ಹತ್ತು ಸಾವಿರ ಮೀಟರೆಂದರೆ ಇಪ್ಪತ್ತೈದು ಸುತ್ತು.
ಅಂಕಿಯ ಹಲಗೆ ಮಗುಚುವುದು ನನ್ನ ಕೆಲಸ,
ಕಡೆಯ ಸುತ್ತಿಗೆ ಗಂಟೆ.
ಗಂಟೆಗೆ ಒಂಬತ್ತು ಡಾಲರು, ಮೇಲೊಂದು ಸ್ಯಾಂಡ್‌ವಿಚ್ಚು.

ಸುಪೀರಿಯರ್ ಸರೋವರದಿಂದ ಏಪ್ರಿಲ್ಲಿನಲ್ಲೂ
ಹಲ್ಲು ಕಡಿಸುವ ಗಾಳಿ.
ವೆರ್ನಾ ಕೋಸ್ಕಿ ಮಾತ್ರ ತೋಳಿಲ್ಲದ ಅಂಗಿಯಲ್ಲಿ,
ಕೈಗವಸಿನಿಂದ ಮೂಗೊರೆಸಿಕೊಳ್ಳುತ್ತ;
ಮೊದಲ ಸುತ್ತಿನಿಂದಲೇ
ಯಾರ ಬೆನ್ನನ್ನೂ ನೋಡಲಾರದವಳು.

ಅವಳಪ್ಪ ಹಿಮ ಸರಿಸುವ ಲಾರಿಯವನು.
ನಸುಕಿನ ನಾಲ್ಕಕ್ಕೆ ಅವನು ಬಗೆದ ದಾರಿ
ಮತ್ತೆ ಮುಚ್ಚಿಕೊಳ್ಳುವ ಮುನ್ನ
ಅದರ ಮೇಲೆ ಓಡುತ್ತಿದ್ದಳಂತೆ,
ಮುಂದೆ ಹೋಗುವ ಎರಡು ಕೆಂಪು ದೀಪ ಹಿಡಿದು.
"ಲಾರಿ ನಿಂತರೆ ನಾನೂ ನಿಲ್ಲುತ್ತಿದ್ದೆ,
ಅದೊಂದೇ ತರಬೇತಿ" ಎನ್ನುವಳು
ಹಾಸ್ಟೆಲಿನ ಊಟದ ಮೇಜಿನಲ್ಲಿ,
ಬ್ರೆಡ್ಡನ್ನು ಚೂರು ಚೂರು ಮಾಡಿ
ತಿನ್ನದೆ ತಟ್ಟೆಯ ಅಂಚಿಗೆ ಸರಿಸುತ್ತ.

ನಾವು ನೋಡಿದೆವು. ಕೋಚೂ ನೋಡಿದ.
ಆ ವರ್ಷ ಅವಳ ಸಮಯ ನಲವತ್ತು ಸೆಕೆಂಡು ಇಳಿದಿತ್ತು,
ಹಾಗಾಗಿ ಯಾರೂ ಏನೂ ಕೇಳಲಿಲ್ಲ.
ಮುಟ್ಟು ನಿಂತು ಹನ್ನೊಂದು ತಿಂಗಳಾಯಿತೆಂದು
ಬಟ್ಟೆ ಒಗೆಯುವ ಯಂತ್ರಗಳ ಗದ್ದಲದಲ್ಲಿ
ನನಗೊಬ್ಬಳಿಗೇ ಹೇಳಿದಳು,
ಹರಕೆ ತೀರಿಸಿದವಳ ಹಾಗೆ.

ಇನ್ನು, ಆ ಮೇ ತಿಂಗಳು.
ಮಳೆ. ಮುಂದಿರುವವರು, ಸುತ್ತು ಹಿಂದೆ ಬಿದ್ದವರು,
ಎಲ್ಲರದೂ ಒಂದೇ ಬಣ್ಣದ ಒದ್ದೆ.
ನನ್ನ ಮರಗಟ್ಟಿದ ಬೆರಳಿಗೆ
ಎರಡು ಹಲಗೆ ಅಂಟಿಕೊಂಡು ಒಟ್ಟಿಗೇ ಮಗುಚಿದವು.
ಕೈ ತಾನಾಗಿ ಗಂಟೆಗೆ ಹೋಯಿತು.

ಅಂಥ ಓಟವನ್ನು ನಾನು ಮತ್ತೆ ನೋಡಿಲ್ಲ.
ಇದ್ದದ್ದೆಲ್ಲ ಸುರಿದು, ಗೆರೆ ದಾಟಿ,
ಮೊಣಕಾಲೂರಿ ಕೂತಳು.
ಉಳಿದವರಿಗೆ ಅವರವರ ಕೋಚು ಕೂಗಿ ಹೇಳಿದ್ದರು.
ಅವರು ಅವಳ ಪಕ್ಕದಿಂದ ಹಾದುಹೋದರು.
ವೆರ್ನಾ ನನ್ನತ್ತ ನೋಡಿದಳು,
ಬೈಯಲಿಲ್ಲ, ಎದ್ದಳು,
ಇನ್ನೊಂದು ಸುತ್ತು ಓಡಿದಳು, ಖಾಲಿ ಚೀಲದಂತೆ.
ನಾಲ್ಕನೆಯವಳು.
ಮುಂದಿನ ಕೂಟಕ್ಕೆ ಮೂವರಿಗಷ್ಟೇ ಜಾಗ.

ಆದರೂ ಒಂದು ಶೂ ಕಂಪನಿ ಅವಳನ್ನು ಕೊಂಡಿತು.
ಅರಿಜೋನಾದ ಎತ್ತರದ ಊರು, ಪೈನ್ ಮರಗಳು,
ತೆಳು ಗಾಳಿ, ಒಂದೇ ಮನೆಯಲ್ಲಿ ಆರು ಹುಡುಗಿಯರು,
ತೊಂಬತ್ತು ದಿನ ಓಡದಿದ್ದರೆ ಅರ್ಧ ಸಂಬಳ
ಎಂಬ ಸಣ್ಣಕ್ಷರದ ಸಾಲು.
ಮೊಣಕಾಲ ಕೆಳಗೆ ಕೂದಲೆಳೆಯ ಬಿರುಕು ಕಂಡದ್ದು
ಎರಡನೇ ಚಳಿಗಾಲ.
ನೂರಾ ನಲವತ್ತು ದಿನ
ಈಜುಕೊಳದ ನೀರಿನಲ್ಲಿ ನಿಂತಲ್ಲೇ ಓಡಿದಳು.
ಓಟ್ಸು, ಎರಡು ಮೊಟ್ಟೆ, ಮತ್ತೆ ಎರಡು ಮೊಟ್ಟೆ:
ಹೊಸ ಭಾಷೆ ಕಲಿಯುವವಳಂತೆ ತಿನ್ನಲು ಕಲಿತಳು.
ಒಂದು ರಾತ್ರಿ ಫೋನಿನಲ್ಲಿ ಒಂದೇ ಪದ:
"ಬಂತು."
ನಾನು ಅತ್ತೆ. ಅವಳು ಫೋನಿಟ್ಟಳು.

ಈಗ ಅವಳ ಕೆಲಸಕ್ಕೆ ಮೊಲ ಎನ್ನುತ್ತಾರೆ.
ಮ್ಯಾರಥಾನಿನ ಮುಂದಿನವರಿಗೆ ವೇಗ ಕಟ್ಟಿಕೊಟ್ಟು,
ಗಾಳಿಗೆ ಎದೆಯೊಡ್ಡಿ,
ಮೂವತ್ತನೇ ಕಿಲೋಮೀಟರಿಗೆ ಪಕ್ಕಕ್ಕೆ ಸರಿಯಬೇಕು.
ಸೆಕೆಂಡು ತಪ್ಪಿದರೆ ದುಡ್ಡು ಕಡಿತ.
ಫಲಿತಾಂಶದ ಪಟ್ಟಿಯಲ್ಲಿ ಹೆಸರಿನೆದುರು
ಓಟ ಮುಗಿಸಲಿಲ್ಲ ಎಂದಿರುತ್ತದೆ.
ನೆಂಟರಿಗೆ ಬೇಸರ. ಅಪ್ಪನಿಗಿಲ್ಲ:
"ದಾರಿ ಮಾಡಿಕೊಟ್ಟು ಮನೆಗೆ ಬರೋದು.
ಅದರಲ್ಲೇನಿದೆ?"

ಈ ಅಕ್ಟೋಬರ್, ಶಿಕಾಗೊ, ಪಿಲ್ಸೆನ್ ಕೇರಿಯ ತಿರುವು.
ಮೆಕ್ಸಿಕನ್ ಬೇಕರಿಯ ಮುಂದೆ
ಅವಳ ಕೋಟು ಹಿಡಿದು ನಿಂತಿದ್ದೆ.
ಬಂದಳು, ಹಿಂದೆ ನಾಲ್ವರು.
ಗಡಿಯಾರ ನೋಡಿ, ಕೈಬೀಸಿ, ಪಕ್ಕಕ್ಕೆ ಸರಿದಳು.
ಬಾಗಿ ನಿಂತು, ಕೈಗವಸಿನಿಂದ ಮೂಗೊರೆಸಿಕೊಂಡು,
ದೂರವಾಗುವ ನಾಲ್ಕು ಬೆನ್ನುಗಳನ್ನು
ತಿರುವು ಮುಗಿಯುವವರೆಗೂ ನೋಡಿದಳು.

ಸಿಹಿ ಬನ್ನು ಕೊಟ್ಟೆ. ಇಡೀ ಬನ್ನು, ನಾಲ್ಕೇ ತುತ್ತಿಗೆ.
ಸಕ್ಕರೆ ಪುಡಿ ಗಲ್ಲದ ಮೇಲೆ.
ಆಮೇಲೆ, ಬಾಯ್ತುಂಬ ಅಗಿಯುತ್ತ,
ಒಂಬತ್ತು ವರ್ಷದಲ್ಲಿ ಮೊದಲ ಸಲ ಕೇಳಿದಳು:
"ಏನೇ, ಗಂಟೆ ತಂದಿಲ್ವಾ?"